ಕೌಜಲಗಿ ವಸ್ತಿಯ ತುಪ್ಪ

ಅದು ೧೯೫೯ ಇರಬೇಕು. ೧೯೬೦ ಎಂದು ಯಾರಾದರೂ ಹಟ ಹಿಡಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು ಎಂಬುದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಆಗ ನಾನು ಸರಕಾರದ ಆಹಾರ ಸಮೀಕ್ಷೆಯೊಂದರಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. ಗೋಕಾಕದಲ್ಲಿ ಬಾಡಿಗೆ ಕೋಣೆ, ಬೆಳಗಾವಿಯಲ್ಲಿ ಪ್ರಯೋಗಾಲಯ, ನಡುವೆ ಘಟಪ್ರಭಾ ಸ್ಟೇಷನ್ನಿನ ರೈಲು. ಒಂದೇ ಕಡೆ ಕೂರಲಾಗದ ನನ್ನ ಸ್ವಭಾವಕ್ಕೆ ಆ ಓಡಾಟ ಹೊಂದುತ್ತಿತ್ತು.

ಮುಂಬೈಯಲ್ಲಿ ಎಂ.ಎಸ್ಸಿ. ಮಾಡುವಾಗಲೇ ನನಗೆ ಕೊಬ್ಬಿನ ರಸಾಯನಶಾಸ್ತ್ರದ ಹುಚ್ಚು ಹಿಡಿದಿತ್ತು. ಕೊಬ್ಬು ಎಂದರೆ ಮೈಯ ಬೊಜ್ಜಲ್ಲ. ಊಟದಲ್ಲಿ ಸೇರುವ ಎಣ್ಣೆ, ಬೆಣ್ಣೆ, ತುಪ್ಪ, ವನಸ್ಪತಿ ಎಲ್ಲವೂ. ಊರಿಗೆ ಬಂದಾಗ ನಮ್ಮ ಕಾಕಾ ಹತ್ತು ಜನರ ಮುಂದೆಯೇ ಕೇಳಿದ್ದರು: “ಎಣ್ಣಿ ಬಗ್ಗೆ ತಿಳ್ಕೊಳ್ಳಾಕ ಇಷ್ಟ ಸಾಲಿ ಕಲೀಬೇಕೇನೊ? ಗಾಣದ ಎತ್ತನ್ನ ಕೇಳಿದ್ರ ಅದ ಹೇಳತಿತ್ತಲ್ಲ!”

ನಮ್ಮ ಕೆಲಸದ ರೀತಿ ಸರಳ. ಒಂದು ಮನೆಯಲ್ಲಿ ಅಡಿಗೆ ಶುರುವಾಗುವ ಮೊದಲು ಆ ಹೊತ್ತಿಗೆ ಬೇಕಾದ ಹಿಟ್ಟು, ಬೇಳೆ, ಸೊಪ್ಪು, ಎಣ್ಣೆಗಳನ್ನೆಲ್ಲ ತೂಗುವುದು, ಉಣ್ಣುವವರ ಸಂಖ್ಯೆಯಿಂದ ಭಾಗಿಸುವುದು, ಎಣ್ಣೆ ತುಪ್ಪಗಳ ಮಾದರಿಯನ್ನು ಸಣ್ಣ ಬಾಟಲಿಗೆ ತುಂಬಿಕೊಳ್ಳುವುದು. ಪರ ಗಂಡಸು ಅಡಿಗೆಮನೆಗೆ ಹೋಗುವಂತಿರಲಿಲ್ಲ. ಹುಕ್ಕೇರಿಯವರಾದ ಶಾಂತಾಬಾಯಿ ಎಂಬ ನನ್ನ ಸಹೋದ್ಯೋಗಿ ಒಳಗೆ ತೂಗಿ ಕೂಗಿ ಹೇಳುತ್ತಿದ್ದರು, ನಾನು ಕಟ್ಟೆಯ ಮೇಲೆ ಕುಳಿತು ಬರೆದುಕೊಳ್ಳುತ್ತಿದ್ದೆ.

ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಕೆಲಸ ಮುಗಿಸಿ ನಾವು ಕೌಜಲಗಿ ಕಡೆಗೆ ಬಂದೆವು. ಊರಿನಿಂದ ಆಚೆ ಕುರಿಗಾರರ ಒಂದು ಸಣ್ಣ ವಸ್ತಿ. ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಮನೆಗಳಲ್ಲಿ ಹೆಂಗಸರು, ಮಕ್ಕಳು, ಒಂದೊಂದು ಎಮ್ಮೆ. ವಸ್ತಿಯ ಹಿರಿಯಳು ಸತ್ತೆವ್ವ. ನಮ್ಮ ತಕ್ಕಡಿ ನೋಡಿ ಆಕೆ ಮೊದಲ ದಿನವೇ ಅಂದಳು: “ನಮ್ಮ ರೊಟ್ಟಿ ತೂಗಾಕ ಸರಕಾರ ನಿಮಗ ಪಗಾರ ಕೊಡತೈತೇನ್ರಿ? ನನ್ನ ಮಗಗೂ ಒಂದ್ ತಕ್ಕಡಿ ಕೊಡಸ್ರೆಪಾ, ಕುರಿ ಹಿಂದ ಓಡೂದರ ತಪ್ಪತೈತಿ.”

ಸತ್ತೆವ್ವನ ಮೊಮ್ಮಗಳು ಕಾಶಿಗೆ ಆರೇಳು ವರ್ಷವಿರಬಹುದು. ಹೊತ್ತು ಮುಳುಗುವ ವೇಳೆಗೆ ಅವಳು ಅಂಗಳದಲ್ಲಿದ್ದ ಎಮ್ಮೆಗೇ ಡಿಕ್ಕಿ ಹೊಡೆದು ಬಿದ್ದಳು. ಉಳಿದ ಮಕ್ಕಳು ನಕ್ಕರು. ಅವಳ ತಾಯಿ ಲಗಮವ್ವ ನಗಲಿಲ್ಲ. ಮಗಳನ್ನು ಎತ್ತಿಕೊಂಡು ಬಂದು ಶಾಂತಾಬಾಯಿಗೆ ಮೆಲ್ಲಗೆ ಹೇಳಿದಳು: “ಸಂಜೀ ಆತಂದ್ರ ಇದಕ್ಕ ಬಾಗಲಾನೂ ಕಾಣೂದಿಲ್ರಿ ಬಾಯಾರ.”

ಮರುದಿನ ಬೆಳಕಿನಲ್ಲಿ ನೋಡಿದೆವು. ಕಣ್ಣಿನ ಬಿಳಿಯ ಭಾಗದ ಮೇಲೆ ನೊರೆಯಂಥ ಮಚ್ಚೆ. ಒಂದು ಕಣ್ಣಿನ ಕರಿಗುಡ್ಡೆಯ ಹೊಳಪು ಮಾಸಿತ್ತು. ಎಡಗಣ್ಣೋ ಬಲಗಣ್ಣೋ, ಈಗ ಹೇಳಲಾರೆ. ಇದು ಇರುಳುಗುರುಡು, ‘ಎ’ ಜೀವಸತ್ವದ ಕೊರತೆಯಿಂದ ಬರುತ್ತದೆ. ಕಣ್ಣು ಹೀಗೆ ಒಣಗುತ್ತ ಹೋದರೆ ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಕರಿಗುಡ್ಡೆ ಮೆತ್ತಗಾಗಿ ದೃಷ್ಟಿ ಪೂರ್ತಿ ಹೋಗುತ್ತದೆ. ಇದಕ್ಕೆ ಆಗ ಇದ್ದ ಮದ್ದು ಮೀನಿನ ಯಕೃತ್ತಿನ ಎಣ್ಣೆ. ಅದರ ಸರಬರಾಜು ಕಡಿಮೆ, ಕೇಳುವ ಹಳ್ಳಿಗಳು ಹೆಚ್ಚು. ಯಾವ ಹಳ್ಳಿಗೆ ಮೊದಲು ಎಂಬುದು ನಮ್ಮ ಸಮೀಕ್ಷೆಯ ಅಂಕಿಗಳಿಂದಲೇ ತೀರ್ಮಾನವಾಗುತ್ತಿತ್ತು.

ತೊಡಕು ಬಂದದ್ದು ಅಲ್ಲಿಯೇ. ನಮ್ಮ ಅಂಕಿಗಳ ಪ್ರಕಾರ ಆ ವಸ್ತಿಯ ಊಟ ಉತ್ತಮವಾಗಿತ್ತು. ಪುಂಡಿಪಲ್ಯ, ಹಕ್ಕರಿಕೆ, ಮೆಂತೆ ಧಾರಾಳ. ಸೊಪ್ಪಿನಲ್ಲಿರುವ ಕ್ಯಾರೊಟಿನ್ ನಮ್ಮ ಮೈಯಲ್ಲಿ ‘ಎ’ ಜೀವಸತ್ವವಾಗುತ್ತದೆ, ಆದರೆ ಜೊತೆಗೆ ಒಂದಿಷ್ಟು ಕೊಬ್ಬಿಲ್ಲದಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಇಲ್ಲಿ ಅದೂ ಇತ್ತು. ಪ್ರತಿ ಮನೆಯಲ್ಲೂ ತುಪ್ಪ. ಅದೂ ಹತ್ತರಗಿಯ ಒಕ್ಕಲು ಮನೆಗಳಿಗಿಂತ ಹೆಚ್ಚು.

ಬೆಳಗಾವಿಗೆ ಹೋಗಿ ನಮ್ಮ ಮುಖ್ಯಸ್ಥರಿಗೆ ಕಾಶಿಯ ವಿಷಯ ಹೇಳಿದೆ. ಅವರು ಅಂಕಿಗಳ ಮೇಲೆ ಕಣ್ಣಾಡಿಸಿ, “ತುಪ್ಪಾ ತಿನ್ನೂ ವಸ್ತಿಗೆ ಮೀನೆಣ್ಣಿ ಯಾಕ್ರಿ? ಆ ಹುಡುಗಿಗೆ ಬ್ಯಾರೆ ಏನರ ಬ್ಯಾನಿ ಇರಬೇಕು. ಶನಿವಾರ ಯಾದಿ ಕಳಸೂದೈತಿ, ತುಪ್ಪಿಲ್ಲದ ಹಳ್ಳಿಗೆ ಕೊಡೂಣು,” ಎಂದರು.

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ತರ್ಕ ನಿಜವಾದರೆ ಕಾಶಿಯ ಕಣ್ಣು ಸುಳ್ಳಾಗಬೇಕಿತ್ತು. ಮಚ್ಚೆಯನ್ನು ನಾನೇ ನೋಡಿದ್ದೆ. ಅಥವಾ ನೋಡಿದೆ ಎಂದುಕೊಂಡಿದ್ದೆನೇ? ನನ್ನ ಕಣ್ಣನ್ನು, ನೆನಪನ್ನು ನಾನು ಯಾವತ್ತೂ ಪೂರ್ತಿ ನಂಬಿದವನಲ್ಲ. ಹಾಗಾಗಿ ಅಂಕಿಗಳನ್ನೂ ನಂಬದೆ ಬಾಟಲಿಗಳನ್ನು ಹೊರತೆಗೆದೆ.

ಪ್ರತಿ ಎಣ್ಣೆಗೂ ಅಯೋಡಿನ್ ಮೌಲ್ಯ ಎಂಬುದೊಂದಿದೆ. ನೂರು ಗ್ರಾಂ ಕೊಬ್ಬು ಎಷ್ಟು ಗ್ರಾಂ ಅಯೋಡಿನ್ ಹೀರಿಕೊಳ್ಳುತ್ತದೆ ಎಂಬ ಲೆಕ್ಕ ಅದು. ಕುಸುಬಿ ಎಣ್ಣೆಯದು ನೂರನಲವತ್ತರ ಸುತ್ತ, ಶೇಂಗಾ ಎಣ್ಣೆಯದು ತೊಂಬತ್ತರ ಸುತ್ತ, ತುಪ್ಪದ್ದು ಮೂವತ್ತರ ಆಸುಪಾಸು. ತುಪ್ಪಗಳಲ್ಲೂ ಎಮ್ಮೆ ಬೇರೆಯಾದರೆ, ಮೇವು ಬೇರೆಯಾದರೆ ಸಂಖ್ಯೆ ತುಸು ಅತ್ತಿತ್ತ ಸರಿಯುತ್ತದೆ. ಹತ್ತರಗಿಯ ತುಪ್ಪಗಳು ಹಾಗೆಯೇ ಸರಿದಿದ್ದವು. ಈ ವಸ್ತಿಯ ಬಾಟಲಿಗಳು ಸರಿಯಲಿಲ್ಲ. ಮನೆ ಬದಲಾದರೂ ಅದೇ ಸಂಖ್ಯೆ. ಪರೀಕ್ಷೆ ಮತ್ತೆ ಮಾಡಿದೆ. ಮತ್ತೆ ಅದೇ. ವಸ್ತಿಯ ಎಲ್ಲ ಎಮ್ಮೆಗಳೂ ಸೇರಿ ಒಂದೇ ತುಪ್ಪ ಕೊಡುವುದು ಸಾಧ್ಯವಿರಲಿಲ್ಲ.

ಶಾಂತಾಬಾಯಿಗೆ ಹೇಳಿದಾಗ ಅವರು ಹಣೆ ಬಡಿದುಕೊಂಡರು. “ಅಲ್ರೀ, ನಾ ಒಂದ್ ಮನ್ಯಾಗ ತೂಗೂದ್ರಾಗ ಹಿತ್ತಲ ಬಾಗಲದಿಂದ ಯಾರಾರ ಬಂದು ಹೋಗೂದು ಇದ್ದ ಇತ್ತು. ಮಜ್ಜಿಗಿ ಇಸ್ಕೊಳ್ಳಾಕ ಬಂದಾರ ಅನ್ಕೊಂಡಿದ್ದೆ.” ಆಮೇಲೆ ಒಂದು ಎಚ್ಚರಿಕೆ ಕೊಟ್ಟರು: “ಅಲ್ಲಿ ಹೋಗಿ ಕಳ್ಳರನ್ನ ಹಿಡದಂಗ ಮಾತಾಡಬ್ಯಾಡ್ರಿ. ಬಾಗಲಾ ಹಾಕ್ಕೊಂಡ್ರ ಮುಗೀತು.”

ಶನಿವಾರಕ್ಕೆ ಮೊದಲೇ ವಸ್ತಿಗೆ ಹೋದೆವು. ಸತ್ತೆವ್ವ ಉಣ್ಣೆ ಹಿಂಜುತ್ತ ಕುಳಿತಿದ್ದಳು.

“ಅವ್ವಾ,” ಎಂದೆ, “ನಿಮ್ಮ ವಸ್ತಿ ತುಪ್ಪ ಎಲ್ಲಾ ಒಂದ ಗಡಿಗೀದು ಅಲ್ರಿ?”

ಆಕೆಯ ಕೈ ನಿಂತಿತು. “ನಿಮ್ಮ ಬಾಟಲಿ ಚಾಡಿ ಹೇಳತಾವೇನ್ರಿ?”

ಪಕ್ಕದ ಮನೆಯಾಕೆ ಬಾಗಿಲಿಂದಲೇ ಕೂಗಿದಳು: “ನಾ ಆವಾಗ ಹೇಳಿದ್ದೆ ಆಯೀ, ಅಷ್ಟ್ ದೊಡ್ಡ ಗಡಿಗಿ ಬ್ಯಾಡ, ಸಣ್ಣ ಚರಗಿ ಸಾಕಂತ!”

“ನೀ ಸುಮ್ಕಿರ,” ಎಂದು ಗದರಿ ಸತ್ತೆವ್ವ ನನ್ನತ್ತ ತಿರುಗಿದಳು. “ಖರೇನ ಹೇಳತೇನ್ರಿ. ಬೆಣ್ಣಿ ಎಲ್ಲಾ ಮೂಡಲಗಿ ಸಂತಿಗೆ ಹೋಗತೈತಿ. ಕಾಸಿದ್ದು ಅದೊಂದ ಗಡಿಗಿ, ಅದೂ ಮಾರಾಕ ಇಟ್ಟಿದ್ದ. ಪರಊರಿನ ದೊಡ್ಡ ಮಂದಿ ಬಂದು ನಮ್ಮ ಗಂಗಾಳದಾಗ ಇಣುಕತಾರ ಅಂದ್ರ ಒಣಾ ರೊಟ್ಟಿ ಹೆಂಗ ತೋರಸೂಣ್ರಿ? ತೂಗಿದ ಮ್ಯಾಲ ಗಡಿಗಿಗೆ ಸುರವಿ ಬಾಜೂ ಮನಿಗೆ ಕೊಟ್ವಿ. ನಿಮಗೇನ ಲುಕ್ಸಾನ ಆತ್ರಿ?”

ನಾವು ತೂಗುತ್ತಿದ್ದದ್ದು ಅಡಿಗೆಗೆ ಮೊದಲು. ಆಮೇಲೆ ತುಪ್ಪ ಅಡಿಗೆಗೆ ಬೀಳುತ್ತದೆಯೋ ಗಡಿಗೆಗೆ ಮರಳುತ್ತದೆಯೋ ಎಂದು ನೋಡುವ ಏರ್ಪಾಡು ನಮ್ಮ ಪದ್ಧತಿಯಲ್ಲೇ ಇರಲಿಲ್ಲ.

“ನನಗ ಲುಕ್ಸಾನ ಇಲ್ರಿ,” ಎಂದೆ. “ತುಪ್ಪ ಕಾಗದದ ಮ್ಯಾಲ ಬಿತ್ತು, ಕಾಶಿ ಹೊಟ್ಟ್ಯಾಗ ಬೀಳಲಿಲ್ಲ. ಕಾಗದಾ ನೋಡಿ ಮ್ಯಾಲಿನವರು, ಇವರು ಬೇಷ್ ಉಣ್ಣತಾರ, ಇವರಿಗೆ ಔಷಧ ಬ್ಯಾಡ ಅನ್ನಾಕತ್ತಾರ. ಔಷಧ ಬರದಿದ್ರ ಆಕೀ ಕಣ್ಣು ಉಳಿಯೂದಿಲ್ರಿ.”

ಸತ್ತೆವ್ವ ಮತ್ತೆ ಉಣ್ಣೆಗೆ ಕೈ ಹಾಕಿದಳು. ಅಷ್ಟರಲ್ಲಿ ಲಗಮವ್ವ ಒಳಗೆ ಹೋದಳು. ಅತ್ತೆಯ ಮುಂದೆ ಅವಳು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಂದು ಗಂಗಾಳ ತಂದು ನಮ್ಮ ಮುಂದೆ ಇಟ್ಟಳು. ಜೋಳದ ರೊಟ್ಟಿ, ನೀರಲ್ಲಿ ಕುದಿಸಿದ ಪುಂಡಿಪಲ್ಯ, ಹಸಿಮೆಣಸಿನಕಾಯಿ ಖಾರ. ಎಣ್ಣೆಯ ಹೊಳಪು ಎಲ್ಲಿಯೂ ಇರಲಿಲ್ಲ.

“ಅತ್ತಿ ಏನರ ಅನ್ಲಿ. ನಾವು ಉಣ್ಣೂದು ಇದರಿ. ಇದನ್ನ ತೂಗ್ರಿ,” ಎಂದಳು.

ಸತ್ತೆವ್ವ ಸೊಸೆಯನ್ನು ದಿಟ್ಟಿಸಿ ನೋಡಿದಳು. ಆಮೇಲೆ ತಾನೇ ಎದ್ದು ಮನೆಮನೆಗೂ ಹೋಗಿ, “ಇದ್ದದ್ದ ತೋರಸ್ರೆವಾ, ಸಾಕು ಮಾಡ್ರಿ ನಾಟಕ,” ಎಂದು ಹೇಳಿ ಬಂದಳು. ಶಾಂತಾಬಾಯಿ ಆ ದಿನ ಮಾಡಿಟ್ಟ ಅಡಿಗೆಯನ್ನೇ ತೂಗಿದರು. ಹೊಸ ಅಂಕಿ ಹಿಡಿದುಕೊಂಡು ನಾನು ಘಟಪ್ರಭಾಕ್ಕೆ ಹೋಗಿ ಬೆಳಗಾವಿಯ ರೈಲು ಹತ್ತಿದೆ. ಮುಖ್ಯಸ್ಥರು ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ. “ಹಂಗಾರ ಉಳದ ಊರಾಗ ನಾವು ಏನ ತೂಗೇವ್ರಿ?” ಎಂದು ಕೇಳಿದರು. ಆಮೇಲೆ ವಸ್ತಿಯ ಹೆಸರನ್ನು ಯಾದಿಗೆ ಸೇರಿಸಿ, ಕಾಶಿಗೆ ಬೇಕಾದ ಮೀನೆಣ್ಣೆಯನ್ನು ನನ್ನ ಕೈಯಲ್ಲೇ ಕೊಟ್ಟು ಕಳಿಸಿದರು.

ಅದರ ವಾಸನೆ ತಾಳದೆ ಕಾಶಿ ನಮ್ಮನ್ನು ವಸ್ತಿಯೆಲ್ಲ ಓಡಾಡಿಸಿದಳು. ಶಾಂತಾಬಾಯಿ ಬೆಲ್ಲ ತೋರಿಸಿ ಕುಡಿಸಿದರು. ಮನೆಯಲ್ಲಿ ಪಲ್ಯಕ್ಕೆ ದಿನವೂ ಒಂದು ಚಮಚ ಕುಸುಬಿ ಎಣ್ಣೆ ಹಾಕಬೇಕೆಂದು ಲಗಮವ್ವನಿಗೆ ಹೇಳಿ ಬಂದೆವು.

ಮುಂದಿನ ಸಲ ನಾನು ಹೋದದ್ದು ಕೆಲವು ವಾರಗಳ ಮೇಲೆ, ದೀಪ ಹಚ್ಚುವ ಹೊತ್ತಿಗೆ. ಇನ್ನೂ ಬೇಲಿಯ ಹತ್ತಿರ ಇದ್ದೆ. ಅಂಗಳದಿಂದ ಕಾಶಿಯ ದನಿ ಕೇಳಿತು: “ಆಯೀ, ಪ್ಯಾಂಟಿನಾಂವ ಬಂದಾನ!”

“ಬಂದಾರ ಅನ್ನ, ಮಂಗ್ಯಾನಂಥಾಕಿ,” ಎಂದು ಸತ್ತೆವ್ವ ಗದರಿದಳು. ಗದರಿದವಳೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಕಾಶಿಯ ಮಾಸಿದ್ದ ಕಣ್ಣಿನಲ್ಲಿ ಒಂದು ಸಣ್ಣ ಬಿಳಿ ಕಲೆ ಉಳಿಯಿತು, ದೃಷ್ಟಿ ಉಳಿಯಿತು.

ಮುಂದೆ ನಾನು ಕೆಲಸ ಮಾಡಿದ ಯಾವ ಸಮೀಕ್ಷೆಯಲ್ಲೂ ಮೊದಲ ಕೆಲವು ದಿನದ ತೂಕವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಂದವನು ಅತಿಥಿಯಾಗಿರುವ ತನಕ ಮನೆಯವರು ತಮ್ಮ ಮರ್ಯಾದೆಯನ್ನು ತೂಗಲು ಕೊಡುತ್ತಾರೆ, ಊಟವನ್ನಲ್ಲ. ನಮ್ಮನ್ನು ಕಂಡು ಅವರಿಗೆ ಬೇಸರ ಬರುವಷ್ಟು ದಿನ ಅಲ್ಲೇ ಇರಬೇಕು. ಆ ಸಂಜೆ ಸತ್ತೆವ್ವ ನನಗೆ ಚಾಪೆ ಹಾಸಲಿಲ್ಲ, ಏನು ಉಣ್ಣುತ್ತೀರಿ ಎಂದೂ ಕೇಳಲಿಲ್ಲ. ಮಕ್ಕಳ ಸಾಲಿನಲ್ಲಿ ಕಾಶಿಯನ್ನು ತುಸು ಸರಿಸಿ ಜಾಗ ಮಾಡಿ, ಅವಳಿಗೆ ಕೊಟ್ಟ ಅದೇ ರೊಟ್ಟಿ ಪಲ್ಯವನ್ನು ನನಗೂ ಕೊಟ್ಟಳು.