ದೊಡ್ಡತಾಯಮ್ಮ ಬೇಡ ಅಂದಿರಲಿಲ್ಲ

ನಾಲಿಗೆ ಕ್ಯಾನ್ಸರಿನ ಆಪರೇಷನ್ ಆದಮೇಲೆ ನಮ್ಮತ್ತೆ ದೊಡ್ಡತಾಯಮ್ಮನ ಮಾತು ನಿಂತಿತು, ಹಟ ನಿಲ್ಲಲಿಲ್ಲ. ಮಂಡ್ಯದ ಕಡೆ ಶಾಲೆಯೊಂದರಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದವರು. ತಾವು ರುಚಿ ನೋಡದೆ ಒಂದು ಸೌಟು ಸಾರನ್ನೂ ಬಡಿಸಲು ಬಿಟ್ಟವರಲ್ಲ, ಎದುರಿಗೆ ಹೆಡ್‌ಮಾಸ್ಟರೇ ನಿಂತಿದ್ದರೂ. ಈಗ ಅಮೆರಿಕದ ಮಿಲ್ಪಿಟಾಸಿನ ನಮ್ಮ ಮನೆಯಲ್ಲಿ ಅವರ ಊಟವೆಲ್ಲ ಹೊಟ್ಟೆಗೆ ಹಾಕಿದ ಟ್ಯೂಬಿನಿಂದ, ಮಾತೆಲ್ಲ ನೋಟ್‌ಬುಕ್ಕಿನಲ್ಲಿ.

ಟ್ಯೂಬು ಹಾಕಿದ ಹದಿನೇಳನೆಯ ದಿನ, ಕಾರಿನಿಂದ ಇಳಿಯುವಾಗ ಸೀಟ್ ಬೆಲ್ಟಿಗೆ ಸಿಕ್ಕಿ ಅದು ಕಿತ್ತು ಬಂತು. ಹತ್ತಿರದ ಕ್ಲಿನಿಕ್ಕಿಗೆ ಓಡಿದೆವು.

"ತಡ ಮಾಡಿದರೆ ತೂತು ಮುಚ್ಚಿಕೊಳ್ಳುತ್ತೆ. ಎರಡು ನಿಮಿಷದ ಕೆಲಸ" ಎಂದು ಡಾಕ್ಟರು ಹೊಸ ಟ್ಯೂಬು ಹಿಡಿದು ಬಂದರು. ಅತ್ತೆ ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬರೆದರು: "ಒಂದ್ ತಿಂಗ್ಳು ಆಗೋಗಂಟ ನೋಡ್ದೆ ತುರುಕ್‌ಬ್ಯಾಡಿ ಅಂತ ನರ್ಸಮ್ಮ ಹೇಳವ್ಳೆ. ಎಕ್ಸ್‌ರೇ ಇರೋ ದೊಡ್ಡಾಸ್ಪತ್ರೆಗೆ ಕಳ್ಸಕ್ ಹೇಳು."

ಟ್ಯೂಬು ಹಾಕಿದ ದಿನ ನರ್ಸು ಹೇಳಿದ ಆ ಮಾತನ್ನು ಅವರಿಗೆ ಕನ್ನಡದಲ್ಲಿ ತಿಳಿಸಿದ್ದೇ ನಾನು. ಮರೆತವಳೂ ನಾನೇ. ಮೀಟಿಂಗು ಬಿಟ್ಟು ಬಂದಿದ್ದ ನನಗೆ ಬೇಗ ಮುಗಿದರೆ ಸಾಕಾಗಿತ್ತು. ಅತ್ತೆ ಬರೆದದ್ದನ್ನು ಡಾಕ್ಟರಿಗೆ ಓದಿ ಹೇಳದೆ, "ಶೀ ಈಸ್ ಜಸ್ಟ್ ಸ್ಕೇರ್ಡ್", ಬರೀ ಹೆದರಿಕೊಂಡಿದ್ದಾರೆ ಅಷ್ಟೆ, ಎಂದುಬಿಟ್ಟೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆರು ತಿಂಗಳು ಆಸ್ಪತ್ರೆ ಸುತ್ತಿದ ಅತ್ತೆಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು.

ಅತ್ತೆ ಕೈ ತೆಗೆಯಲಿಲ್ಲ. ಚಿಕಿತ್ಸೆ ಬೇಡವೆಂದು ಸಹಿ ಮಾಡಿ ಎಂದು ಡಾಕ್ಟರು ಫಾರಂ ಮುಂದಿಟ್ಟರು. ಸಹಿಯ ಜಾಗದಲ್ಲಿ ಅತ್ತೆ ದಪ್ಪ ಅಕ್ಷರಗಳಲ್ಲಿ ಬರೆದರು: "ಬ್ಯಾಡ ಅಂದಿಲ್ಲ. ನೋಡ್ಕಂಡ್ ಹಾಕಿ ಅಂದಿವ್ನಿ. ಹೆದ್ರಿರೋಳು ನಾನಲ್ಲ, ನನ್ ಸೊಸೆ."

"ಏನು ಬರೆದಿದ್ದಾರೆ?" ಡಾಕ್ಟರು ನನ್ನನ್ನು ಕೇಳಿದರು.

ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಒಂದು ಮಾತೂ ಬಿಡದೆ ಹೇಳಿದೆ, ಸೊಸೆಯ ವಿಷಯವನ್ನೂ, ಮೊದಲು ಬರೆದಿದ್ದ ನರ್ಸಿನ ಮಾತನ್ನೂ ಸೇರಿಸಿ. ಡಾಕ್ಟರು ಫಾರಂ ಪಕ್ಕಕ್ಕಿಟ್ಟು ದೊಡ್ಡ ಆಸ್ಪತ್ರೆಗೆ ಫೋನು ಮಾಡಿದರು.

ಅಲ್ಲಿ ಎಕ್ಸ್‌ರೇ ಪರದೆ ನೋಡುತ್ತಾ ಹೊಸ ಟ್ಯೂಬು ಹಾಕಿದರು. ಹಳೆಯ ದಾರಿ ಇನ್ನೂ ಗಟ್ಟಿಯಾಗಿರಲಿಲ್ಲ, ಜಠರ ಹೊಟ್ಟೆಯ ಗೋಡೆಯಿಂದ ಬಿಟ್ಟುಕೊಂಡು ಒಳಕ್ಕೆ ಸರಿದುಹೋಗಿತ್ತಂತೆ. ಕುರುಡಾಗಿ ತುರುಕಿ ಟ್ಯೂಬಿನಲ್ಲಿ ಊಟ ಹರಿಸಿದ್ದರೆ, ಅದು ಜಠರದ ಹೊರಗೆ ಸುರಿದು ಜೀವಕ್ಕೇ ಸಂಚಕಾರವಾಗುತ್ತಿತ್ತು.

ಸಂಜೆ ನರ್ಸೊಬ್ಬಳು ಊಟದ ಚೀಲ ಜೋಡಿಸಲು ಬಂದಳು. ಅತ್ತೆ ಪೆನ್ನಿಗೆ ಕೈ ಚಾಚಿದರು. ಅಷ್ಟರಲ್ಲಿ ನಾನೇ ಅಡ್ಡ ನಿಂತೆ.

"ಟ್ಯೂಬು ಜಠರದೊಳಗೇ ಇದೆ ಅಂತ ಮೊದಲು ಎಕ್ಸ್‌ರೇ ತೋರಿಸಿ" ಎಂದೆ. "ಊಟ ಆಮೇಲೆ."