ಬನ್ನಿ ಗಿಡಕ್ಕೆ ಕಟ್ಟದ ತಂತಿ

ಲಿಂಗಸುಗೂರಿನಲ್ಲಿ ಆಗ ರೇಡಿಯೊ ರಿಪೇರಿ ಮಾಡುತ್ತಿದ್ದವನು ನಾನೊಬ್ಬನೇ. ಹೀಗಾಗಿ ಈ ಜಿಲಾನಿಸಾಬ್ ಹೇಳಿದ್ದೇ ಊರಿಗೆ ವೇದವಾಕ್ಯ. ಹಾಳಾಗಿ ಹೋಗಲಿ ಆ ಜಂಬ! ದುರುಗಪ್ಪನ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದುರುಗಪ್ಪ ಗುರುಗುಂಟಾದ ಕುರಿಗಾರ. ಮಗಳು ಆದೆಮ್ಮ ನಾಟಕದ ಕಂಪನಿ ಸೇರಿದಾಗ "ನನ್ನ ಪಾಲಿಗೆ ನೀ ಸತ್ತಿ" ಅಂದುಬಿಟ್ಟಿದ್ದ. ನಾಲ್ಕು ವರ್ಷದ ಮೇಲೆ, ಇಸವಿ ಐವತ್ತೈದರಲ್ಲಿ, ಅವಳ ಕಾರ್ಡು ಬಂತು. ಓದಲು ಬಾರದವನು ನನ್ನ ಅಂಗಡಿಗೇ ತಂದ. ಬರುವ ಸೋಮವಾರ ಸಂಜೆ ಧಾರವಾಡ ರೇಡಿಯೊದಲ್ಲಿ ಹಾಡುತ್ತೇನೆ, ಅಪ್ಪ ಕೇಳಿದನೆಂದು ಗೊತ್ತಾದರೆ ಮನೆಗೆ ಬರುತ್ತೇನೆ ಎಂದು ಬರೆಸಿದ್ದಳು.

"ಸಾಬ್ರ, ಅಕಿ ದನಿ ಕೇಳಬೇಕ್ರಿ" ಎಂದ. ಕಣ್ಣು ತುಂಬಿದ್ದವು.

"ಸೋಮವಾರ ಇಲ್ಲೇ ಬಂದು ಕುಂದರು."

"ಹ್ಯಾಂಗ ಬರ್ಲಿ? ಮಸ್ಕಿ ಕಡಿ ಹೊಲದಾಗ ಕುರಿ ನಿಲ್ಲಿಸೀನಿ. ಈಯಾಕತ್ತಾವ. ಸಂಜಿಮುಂದ ಬಿಟ್ಟು ಬಂದ್ರ ಮರಿ ತ್ವಾಳದ ಪಾಲು."

ನನ್ನ ಹತ್ತಿರ ಒಂದು ಬ್ಯಾಟರಿ ರೇಡಿಯೊ ಸೆಟ್ಟಿತ್ತು. ಅದನ್ನು ಕತ್ತೆಯ ಮೇಲೆ ಹೇರಬಹುದಿತ್ತು. ತಕರಾರೆಲ್ಲ ಏರಿಯಲ್‌ನದು, ಅಂದರೆ ದನಿ ಹಿಡಿಯುವ ತಂತಿಯದು. ಮೂವತ್ತು ಮೊಳ ತಾಮ್ರದ ತಂತಿಯನ್ನು ಎತ್ತರಕ್ಕೆ ಬಿಗಿದರೆ ಧಾರವಾಡ ಸಿಗುತ್ತಿತ್ತು. ಆದರೆ ಆ ಎರೆ ಬಯಲಲ್ಲಿ ಎತ್ತರದ್ದೆಂದರೆ ಒಂದೇ ಬನ್ನಿ ಗಿಡ.

"ಬನ್ನಿ ಗಿಡಕ್ಕ ತಂತಿ ಬಿಗೀಲೇನ್ರಿ? ದಸರಾಕ್ಕ ಕೈ ಮುಗಿಯೋ ಗಿಡ! ಮೊದಲ ಮಗಳಿಗೆ ಆಡಬಾರದ್ದು ಆಡೀನಿ. ಮ್ಯಾಲ ಈ ಪಾಪ ಬ್ಯಾಡ್ರಿ."

ಎರಡು ಗಳ ನೆಡು, ತಂತಿಯನ್ನೇ ಒಯ್ಯಿ ಎನ್ನಬೇಕಿತ್ತು. ಎನ್ನಲಿಲ್ಲ. ಬಿದಿರಿನ ಕಡ್ಡಿಗೆ ತಂತಿ ಸುತ್ತಿ, ಕೊಡೆಯಂತೆ ಮಡಚುವ ಪುಟ್ಟ ಏರಿಯಲ್ ಒಂದನ್ನು ನಾನೇ ಮಾಡಿಟ್ಟಿದ್ದೆ. "ಬಗಲಾಗ ಇಟ್ಕೊಂಡು ಹೋಗು. ಧಾರವಾಡ ಏನು, ದಿಲ್ಲೀನೂ ಹಿಡೀತದ!" ಎಂದೆ. ಅದನ್ನು ಪರೀಕ್ಷೆ ಮಾಡಿದ್ದು ನನ್ನ ಮಾಳಿಗೆಯ ಉದ್ದ ತಂತಿಯ ಪಕ್ಕದಲ್ಲಿಟ್ಟು; ಧಾರವಾಡ ಹಿಡಿದದ್ದು ಆ ತಂತಿಯೇ ಇರಬಹುದಿತ್ತು. ಬಯಲಲ್ಲಿ ನೋಡಿರಲಿಲ್ಲ. ಆ ಮಾತನ್ನು ನುಂಗಿಕೊಂಡೆ.

ವಾರದ ಕೊನೆಗೆ ಸೆಟ್ಟು ವಾಪಸ್ ತಂದ. "ಬರೀ ಗೊರಗೊರ ಅಂತು, ಸಾಬ್ರ. ಏರಿಯಲ್ ಎತ್ತಿ ಹಿಡಕೊಂಡು ಕತ್ತಲಾಗೋತನ ನಿಂತಿದ್ದೆ. ಕೈ ಸೋತವು. ಅಕಿಗೆ, ಕೇಳೀನಿ, ಭಾಳ ಚಲೋ ಹಾಡಿದಿ ಅಂತ ಬರೀರಿ."

ಸುಳ್ಳೆಂದು ಗೊತ್ತಿದ್ದೂ ಬರೆದೆ.

ಹದಿನೈದು ದಿನಕ್ಕೆ, ಮೊದಲೇ ತಿಳಿಸಿ, ಆದೆಮ್ಮ ಬಂದಳು. ದುರುಗಪ್ಪ ಬೆಳಗಿನಿಂದ ನನ್ನ ಅಂಗಡಿಯಲ್ಲೇ ಕಾಯುತ್ತಿದ್ದ. ನಾನು ಬರೆದ ಕಾರ್ಡು ಅವಳ ಕೈಯಲ್ಲಿತ್ತು. ಬಂದವಳು ಕೂರಲೂ ಇಲ್ಲ.

"ಯಪ್ಪಾ, ಖರೇ ಹೇಳು. ನನ್ನ ಹಾಡು ಕೇಳಿದೇನು?"

"ಕೇಳ್ದೆ, ನನ್ನವ್ವ. ಜೇನು ಸುರಿದಂಗಿತ್ತು."

"ಆವತ್ತು ನನಗ ಜ್ವರ. ನಾ ಹಾಡ್ಲೇ ಇಲ್ಲ. ಬ್ಯಾರೆಯವ್ರು ಹಾಡ್ಯಾರ." ಅವಳು ಕಾರ್ಡನ್ನು ಮೇಜಿನ ಮೇಲೆ ಒಗೆದಳು. "ನೀ ರೇಡಿಯೊ ಹಚ್ಚೇ ಇಲ್ಲ. ಇನ್ನೂ ನಾ ಸತ್ತಾಕಿನ ಏನು ನಿನಗ?"

ದುರುಗಪ್ಪ ನನ್ನ ಮುಖ ನೋಡಿದ. ನನ್ನ ಏರಿಯಲ್ ಕೈಕೊಟ್ಟಿತು, ಈ ಮುದುಕ ಸಂಜೆಯೆಲ್ಲ ಕೈಯೆತ್ತಿ ನಿಂತಿದ್ದ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳು ಕೂತಿದ್ದರು. ಥೂ, ನನ್ನ ನಾಲಿಗೆ ಹೊರಳಲಿಲ್ಲ!

ಅವಳು ಬಂದ ಬಸ್ಸಿನಲ್ಲೇ ಹೊರಟುಹೋದಳು. ಧೂಳು ಅಡಗಿದ ಮೇಲೆ ನಾನು ಅವನ ಕೈ ಹಿಡಿದು, "ತಪ್ಪು ನಂದು, ದುರುಗಪ್ಪ. ಇವತ್ತೇ ಅಕಿಗೆ ಬರೀತೀನಿ" ಎಂದೆ.

ಅವನು ಕಂಬಳಿ ಹೆಗಲಿಗೆ ಹಾಕಿಕೊಂಡ.

"ಇರ್ಲಿ ಬಿಡ್ರಿ, ಸಾಬ್ರ" ಎಂದ. "ಅಕಿ ದನಿ ಅಂತೂ ಇವತ್ತು ಕೇಳಿದ್ನಲ್ಲ."