ಅವ್ವನ ಮಾತ್ರೆಗೂ ಆಫರ್

ನಂಜನಗೂಡಿನಿಂದ ತಿ. ನರಸೀಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಕೆಲಸ ನನ್ನದು. ಸೀಟು ಸಿಕ್ಕಿದರೆ ಸಾಕು, ಫೋನು ತೆಗೆದು ಇವತ್ತು ಯಾವುದಕ್ಕೆ ಆಫರ್ ಇದೆ ಎಂದು ನೋಡುತ್ತಿದ್ದೆ. ಸೋಪು, ಗೋಧಿಹಿಟ್ಟು, ಕುಕ್ಕರಿನ ಗ್ಯಾಸ್ಕೆಟ್ಟು, ಕೊನೆಗೆ ಅವ್ವನ ಬಿಪಿ ಮಾತ್ರೆ. ಕೂಪನ್ ಹಾಕಿದೊಡನೆ ಹಳೇ ಬೆಲೆಯ ಮೇಲೆ ಗೀಟು ಬಿದ್ದರೆ ಯಾರನ್ನೋ ಗೆದ್ದಷ್ಟು ಖುಷಿ. ಯಾರನ್ನು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ನನ್ನ ಜೊತೆಗೇ ಇರುವ ಅವ್ವ ತಗಡೂರು ಕಡೆಯವಳು. ಹಾಲಿನ ಪ್ಯಾಕೆಟ್ಟಿಗೆ ನೀರು ಹಾಕಿ ಕುಲುಕಿ, ಆ ನೀರನ್ನೂ ಕಾಫಿಗೆ ಬಗ್ಗಿಸುವವಳು. ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟೇ ತಂದು ಸಂಸಾರ ಮಾಡಿದವಳು. ನನ್ನ ಸೋಪಿನ ರಾಶಿ ಕಂಡಾಗಲೆಲ್ಲ "ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂಗಾಯ್ತು" ಎಂದು ಗೊಣಗುತ್ತಿದ್ದಳು. ಮಾತ್ರೆಗಳನ್ನು ತಂದು ಬೀರು ತುಂಬಿಸಿದಾಗ ಯಾಕೋ ಏನೂ ಅನ್ನಲಿಲ್ಲ. ಅಂತೂ ಅವ್ವನ ಬಾಯಿ ಮುಚ್ಚಿಸಿದೆ ಎಂದು ಬೀಗಿದೆ.

ಕೆಲವು ತಿಂಗಳಲ್ಲಿ ಅವಳಿಗೆ ತಲೆಸುತ್ತು ಶುರುವಾಯಿತು. ಒಮ್ಮೆ ಹಿತ್ತಿಲ ನಲ್ಲಿಯ ಹತ್ತಿರ ಗೋಡೆ ಹಿಡಿದು ನಿಂತುಬಿಟ್ಟಳು. ಡಾಕ್ಟರು ನೋಡಿದರೆ ಬಿಪಿ ಮೇಲೇರಿ ಕೂತಿದೆ. "ಮಾತ್ರೆ ಸರಿಯಾಗಿ ತಗೋತಿದಾರಾ?" ಎಂದರು. ನನಗೆ ರೇಗಿತು. "ನಮ್ಮನೇಲಿ ಮಾತ್ರೆಗೇನ್ ಬರ ಇಲ್ಲ ಡಾಕ್ಟ್ರೇ" ಎಂದೆ. ಅವರು ಹೆಚ್ಚು ಪವರಿನದ್ದು ಬರೆದುಕೊಟ್ಟರು. ಕ್ಲಿನಿಕ್ಕಿನ ಬೆಂಚಿನ ಮೇಲೇ ಕೂತು ಕೂಪನ್ ಹುಡುಕಿ, ಮೊದಲಿಗಿಂತ ಹೆಚ್ಚೇ ತರಿಸಿದೆ.

ಆದರೂ ಬಿಪಿ ಇಳಿಯಲಿಲ್ಲ. ಹುಲ್ಲಹಳ್ಳಿಯ ನಮ್ಮ ಚಿಕ್ಕಮ್ಮನಿಗೆ ಹೀಗೇ ಏರಿ ಏರಿ, ಒಂದು ಬೆಳಿಗ್ಗೆ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಅವ್ವನಿಗೂ ಹಾಗಾದರೆ? ಕೆಲಸದಲ್ಲಿ ಕೂತಿದ್ದರೂ ಜೀವವೆಲ್ಲ ಫೋನಿನಲ್ಲಿ. ಪಕ್ಕದ ಮನೆಯವರ ನಂಬರು ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಅವರು ಗ್ಯಾಸ್ ಸಿಲಿಂಡರ್ ಬಂತು ಎನ್ನಲು ಫೋನು ಮಾಡಿರುತ್ತಿದ್ದರು. ಮನೆಗೆ ಬಂದವಳೇ, ಬಾಯಿ ಸೊಟ್ಟಗಾಗಿದೆಯೇ ಎಂದು ಅವ್ವನ ಮುಖ ನೋಡುತ್ತಿದ್ದೆ. ನಾಲಿಗೆ ತೊದಲುತ್ತದೆಯೇ ಎಂದು ಸುಮ್ಮಸುಮ್ಮನೆ ಮಾತಾಡಿಸುತ್ತಿದ್ದೆ.

"ಯಾಕಂಗ್ ನೋಡ್ತೀಯೆ, ಎಣ್ ನೋಡಕ್ ಬಂದೋರಂಗೆ?" ಎಂದು ಅವಳು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಒಂದು ಭಾನುವಾರ ನೆಂಟರು ಬಂದಿದ್ದರು. ಎಲೆಅಡಿಕೆ ಕೊಡೋಣವೆಂದು ಅವ್ವನ ಅಡಕತ್ತರಿ ತೆಗೆದೆ. ಅಲಗಿಗೆ ಬಿಳೀ ಪುಡಿ ಮೆತ್ತಿತ್ತು. ಸುಣ್ಣ ಇರಬೇಕು ಅಂದುಕೊಂಡೆ. ಆದರೆ ಹಲ್ಲಿನ ಸೆಟ್ಟು ಹಾಕಿಸಿದ ಮೇಲೆ ಅವ್ವ ಎಲೆಅಡಿಕೆಯನ್ನೇ ಬಿಟ್ಟಿದ್ದಳಲ್ಲ! ಅಡಿಕೆ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಅರ್ಧರ್ಧ ಕತ್ತರಿಸಿದ ಬಿಪಿ ಮಾತ್ರೆಗಳು.

"ಏನವ್ವ ಇದು?" ಎಂದು ನೆಂಟರ ಮುಂದೆಯೇ ಕೂಗಿಬಿಟ್ಟೆ. ಅವರು ಎಲೆ ಬೇಡವೆಂದು ಮೆಲ್ಲಗೆ ಎದ್ದರು.

ಅವ್ವ ಸೆರಗಿನ ತುದಿ ಹಿಡಿದುಕೊಂಡು ಹೇಳಿದಳು: "ದಿನಾ ಅರ್ಧ ನುಂಗ್ತಿವ್ನಿ ಕಣವ್ವ. ಹಳೇದ್ ಮುಗೀಲಿ ಅಂತ ಒಸದನ್ನ ಮುಟ್ಟಿಲ್ಲ. ಅಷ್ಟೊಂದ್ ತಂದ್ ತಂದ್ ಮಡಗ್ತಿದ್ಯಲ್ಲ, ಮುಂದೆ ಸಿಕ್ಕಾಕಿಲ್ವೇನೋ ಅನ್ಕಂಡೆ. ಸೀಮೆಎಣ್ಣೆ ಡಬ್ಬಗಟ್ಲೆ ತುಂಬಿಸ್ಕತಿದ್ದದ್ದು ಸಿಗ್ದೇ ಓಗೋ ಕಾಲ್ದಲ್ ತಾನೇ?"

ಬೀರು ತುಂಬಿದಷ್ಟೂ ಅವಳು ಹೆದರಿದ್ದಳು, ಹೆದರಿದಷ್ಟೂ ಉಳಿಸಿದ್ದಳು. ನಾನೋ, ಇಳಿಯದ ಬಿಪಿ ಕಂಡು ಇನ್ನಷ್ಟು ತಂದು ತುಂಬಿದ್ದೆ. ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

ಮಾರನೆಯ ದಿನ ಡಾಕ್ಟರು ನಮ್ಮಿಬ್ಬರಿಗೂ ಬೈದು, ಹಳೇ ಪವರಿನದ್ದನ್ನೇ ಇಡೀ ಮಾತ್ರೆ ತಗೊಳ್ಳಲಿ ಎಂದರು. ಬೀರು ಖಾಲಿ ಮಾಡಿ, ಎಲ್ಲವನ್ನೂ ಅವ್ವನ ಕಣ್ಣಿಗೆ ಬೀಳದ ಕಡೆ ಇಟ್ಟೆ. ಬೀದಿ ಕೊನೆಯ ಮೆಡಿಕಲ್ ಸ್ಟೋರಿನಿಂದ ಒಂದೇ ಒಂದು ಸ್ಟ್ರಿಪ್ಪು, ಅದೂ ಪೂರಾ ಬೆಲೆಗೆ ತಂದು ಅವಳ ಕೈಗೆ ಕೊಟ್ಟೆ.

ಅವ್ವ ಅದನ್ನು ತಿರುಗಿಸಿ ನೋಡಿದಳು. "ಒಂದೇನಾ?"

"ಒಂದೇ."

"ಅಂಗಾರೆ ಇನ್ನೂ ಸಿಗ್ತದಾ?"

"ಸಿಗ್ತದೆ ಕಣವ್ವ. ನಾಳೆನೂ ಸಿಗ್ತದೆ."

ಸುಳ್ಳು ಹೇಳುತ್ತಿದ್ದೇನೆಯೇ ಎಂದು ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಂದು ಮಾತ್ರೆ ಬಿಡಿಸಿ, ಇಡಿಯಾಗಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಅದು ಗಂಟಲಿನಲ್ಲಿ ಇಳಿಯುವವರೆಗೂ ನಾನು ಉಸಿರು ಬಿಡಲಿಲ್ಲ.